ತಿರುಗುವ ತಟ್ಟೆಯ ಮೇಲೆ ಇಬ್ಬರು

ಸರ್ಕಸ್ಸಿನಲ್ಲಿ ಅಕ್ಕತಂಗಿಯರ ಆಟಕ್ಕೆ ಬೇಕಾಗಿದ್ದುದು ಬೇರಿಂಗಿನ ಮೇಲೆ ಕೂರಿಸಿದ ಒಂದು ದೊಡ್ಡ ಕಬ್ಬಿಣದ ತಟ್ಟೆ, ಅಷ್ಟೇ. ಆಳುಗಳು ಅದನ್ನು ತಿರುಗಿಸಿ ಬಿಟ್ಟ ಮೇಲೆ ಅಕ್ಕ ನಡುವಿನ ಗೂಟದ ಬಳಿ ನಿಂತು ಸುತ್ತುತ್ತಿದ್ದಳು. ತಂಗಿ ದೂರದಿಂದ ಓಡಿ ಬಂದು, ತಟ್ಟೆ ತಿರುಗುವ ದಿಕ್ಕಿಗೇ ಅದರ ಅಂಚಿಗೆ ಹಾರುತ್ತಿದ್ದಳು. ಅವಳ ಓಟವೂ ತಟ್ಟೆಗೆ ಸೇರಿಕೊಳ್ಳುತ್ತಿತ್ತು. ಅವಳು ಹೆಜ್ಜೆ ಹೆಜ್ಜೆಯಾಗಿ ಒಳಗೆ ಬಂದಂತೆ, ಯಾರೂ ತಳ್ಳದೆಯೇ ವೇಗ ಏರುತ್ತಿತ್ತು. ಇಬ್ಬರೂ ನಡುವೆ ಅಪ್ಪಿಕೊಂಡಾಗಲಂತೂ ಮುಖ ಯಾವುದು, ಜಡೆ ಯಾವುದು ಗೊತ್ತಾಗುತ್ತಿರಲಿಲ್ಲ. ವೇಗ ತಗ್ಗಬೇಕಾದರೆ ತಂಗಿ ಮತ್ತೆ ಅಂಚಿಗೆ ಸರಿಯಬೇಕಿತ್ತು.

ತಾಯಿ ತೀರಿಕೊಂಡಾಗಿನಿಂದ ತಂಗಿಯನ್ನು ಸಾಕಿದವಳು ಅಕ್ಕನೇ. ಒಂದು ಮಧ್ಯಾಹ್ನ, ಅಭ್ಯಾಸಕ್ಕೆ ಮುಂಚೆ, ಅವಳ ತಲೆ ಬಾಚುತ್ತ ಹೇಳಿದಳು:

"ಬಡಗಿ ಮದುವೆಗೆ ಕೇಳ್ತಿದಾನೆ ಕಣೇ. ಇಲ್ಲಿ ಆಟ ಮುಗಿದ ಮೇಲೆ ನಾನು ಅವನ ಜೊತೆ ಹೋಗ್ತೀನಿ."

ಬಡಗಿ ಎಂದರೆ ಗ್ಯಾಲರಿ ಕಟ್ಟುವವನು. ಅವನು ಆಡಿದ ಮಾತಿಗಿಂತ ಹೊಡೆದ ಮೊಳೆಯೇ ಹೆಚ್ಚು ಎಂದು ಡೇರೆಯವರೆಲ್ಲ ನಗುತ್ತಿದ್ದರು.

"ನಾನು?"

"ನಿಂಗೆ ಬೇರೆ ಜೋಡಿ ಹುಡುಕ್ತಾರಂತೆ ಆಟ ಕಲಿಸೋ ಮೇಷ್ಟ್ರು. ಮುಖ ಊದಿಸ್ಕೋಬೇಡ."

ತಂಗಿ ಆ ದಿನ ಎಂದಿಗಿಂತ ಜೋರಾಗಿ ಓಡಿ ಬಂದು ಹಾರಿದಳು. ಅವಳ ಪಾದ ಅಂಚಿಗೆ ಬಡಿದೊಡನೆ ಅಕ್ಕನಿಗೆ ವ್ಯತ್ಯಾಸ ತಿಳಿಯಿತು.

"ಒಳಗೆ ಬರ್ಬೇಡ. ಅಲ್ಲೇ ಇರು."

ತಂಗಿ ಬಂದಳು. ಬಂದು ಅಕ್ಕನ ಸೊಂಟ ಬಿಗಿಯಾಗಿ ತಬ್ಬಿದಳು. ತಬ್ಬಿದಷ್ಟೂ ವೇಗ ಏರಿತು. ಡೇರೆಯ ಕಂಬಗಳು ಒಂದರೊಳಗೊಂದು ಕಲಸಿಹೋದವು.

"ಹೊರಗೆ ಸರಿಯೇ, ಬಿಡು."

"ಬಿಡಲ್ಲ."

ಯಾರಾದರೊಬ್ಬರು ಹೊರಗೆ ಹೋಗಲೇಬೇಕಿತ್ತು. ಅಕ್ಕ ಅವಳ ಬೆರಳುಗಳನ್ನು ಬಿಡಿಸಿ, ನಡುವಿನ ಗೂಟವನ್ನು ಹಿಡಿಸಿ, ತಾನೇ ಬಗ್ಗಿಕೊಂಡು ಅಂಚಿನ ಕಡೆ ಹೆಜ್ಜೆಯಿಟ್ಟಳು. ಪ್ರತಿ ಹೆಜ್ಜೆಗೂ ಯಾರೋ ಪಕ್ಕದಿಂದ ನೂಕಿದಂತಾಗುತ್ತಿತ್ತು. ತಟ್ಟೆ ನಿಧಾನವಾಯಿತು. ತಂಗಿಗೆ ಕಂಬಗಳು ಮತ್ತೆ ಬೇರೆ ಬೇರೆಯಾಗಿ ಕಂಡವು. ಅಷ್ಟರಲ್ಲಿ ಅಂಚಿನಲ್ಲಿದ್ದ ಅಕ್ಕನ ಕಾಲು ಜಾರಿತು. ಅವಳು ನೇರವಾಗಿ ಹೋಗಿ ಹತ್ತಿರದ ಕಂಬಕ್ಕೆ ಬಡಿದಳು.

ಸೊಂಟದ ಮೂಳೆ ಮುರಿದಿತ್ತು. ಕೂಡಿದರೂ ಸರಿಯಾಗಿ ಕೂಡಲಿಲ್ಲ. ಬಡಗಿ ಆಸ್ಪತ್ರೆಗೆ ಬಂದು, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದ. ಕೊನೆಗೆ ಅಕ್ಕನೇ ಹೇಳಿದಳು, "ನೀನು ಹೋಗು. ನನ್ನ ಹೊತ್ಕೊಂಡು ತಿರುಗೋಕಾಗುತ್ತಾ?" ಅವನು ಆಗುತ್ತದೆ ಎಂದ. ಅವಳು ಮುಖ ತಿರುಗಿಸಿಕೊಂಡಳು. ಡೇರೆ ಬೇರೆ ಊರಿಗೆ ಹೊರಟಾಗ ಅವನೂ ಹೊರಟ.

ತಂಗಿ ಸರ್ಕಸ್ ಬಿಟ್ಟು ಇಸ್ತ್ರಿ ಅಂಗಡಿಯ ಕೆಲಸಕ್ಕೆ ಸೇರಿದಳು. ಅಂಗಡಿಯ ಹಿಂದಿನ ಕೋಣೆಯಲ್ಲೇ ಇಬ್ಬರ ವಾಸ. ಬೆಳಗ್ಗೆ ಅಕ್ಕನನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಉಣ್ಣಿಸುವುದು ಎಲ್ಲವೂ ಅವಳದೇ. ಅಕ್ಕ ಈಗ ಎಲ್ಲಿಗೂ ಹೋಗುವಂತಿರಲಿಲ್ಲ. ಅದು ನೆನಪಾದಾಗಲೆಲ್ಲ ತಂಗಿಯ ಕೈಯ ತುತ್ತು ಅರ್ಧದಲ್ಲೇ ನಿಲ್ಲುತ್ತಿತ್ತು.

ಒಂದು ಸಂಜೆ ಅಕ್ಕ ಕೇಳಿದಳು, "ಅವತ್ತು ಯಾಕೆ ಬಿಡ್ಲಿಲ್ಲ ನೀನು?"

ತಂಗಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡುತ್ತಿದ್ದಳು. "ಭಯ ಆಯ್ತು ಅಕ್ಕಾ."

"ಭಯ ಆದ್ರೆ ಹಾಗೇ, ಕೈ ಬಿಡೋಕಾಗಲ್ಲ," ಎಂದು ಅಕ್ಕ, ಬೆನ್ನು ಒರೆಸಲು ಅನುಕೂಲವಾಗುವಂತೆ ಗೋಡೆಯ ಕಡೆ ಹೊರಳಿದಳು.