ಈ ಮಗು ಯಾರದ್ದು?

ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಪಕ್ಕ ಗಂಡ ರುದ್ರೇಶನ ಜೊತೆ ದಿನಸಿ ಅಂಗಡಿ ನಡೆಸುವ ಪ್ರೇಮಕುಮಾರಿ, ಗದ್ದಲ ಕೇಳಿದಾಗ ಖಾಸಗಿ ಬಸ್ಸಿನವರು ಟೈಮಿಗಾಗಿ ಜಗಳ ಆಡುತ್ತಿದ್ದಾರೆ ಅಂದುಕೊಂಡಳು. ಅದು ದಿನಾ ಇದ್ದದ್ದೇ. ಆದರೆ ಗದ್ದಲದ ನಡುವೆ ಒಂದು ಮಗು ಕಿರುಚುತ್ತಿತ್ತು. ತಕ್ಕಡಿಗೆ ಸುರಿದಿದ್ದ ಬೇಳೆಯನ್ನು ಹಾಗೇ ಬಿಟ್ಟು ಅವಳು ರಸ್ತೆಗಿಳಿದಳು.

ಜನ ಮುತ್ತಿಕೊಂಡಿದ್ದರು. ಕೆಲವರು ಹೊಡೆಯುತ್ತಿದ್ದರು, ಉಳಿದವರು ಫೋನು ಎತ್ತಿ ಹಿಡಿದಿದ್ದರು. ನೆಲದ ಮೇಲೆ ಬಿದ್ದಿದ್ದವನು ಬಿಪುಲ್. ಅಸ್ಸಾಮಿನಿಂದ ಬಂದು ಮೇಲಿನ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಹೆಂಡತಿಯ ಜೊತೆ ಇದ್ದವನು. ಭಾನುವಾರ ಬಂತೆಂದರೆ ಅಂಗಡಿಯ ಮುಂದೆ ನಿಂತು ಸಾಸಿವೆ ಎಣ್ಣೆ ಕೇಳುತ್ತಿದ್ದ. ಅವನಿಗಾಗಿಯೇ ಅವಳು ಅದನ್ನು ಮೂಡಿಗೆರೆಯಿಂದ ತರಿಸುತ್ತಿದ್ದಳು. ಈಗ ಅವನ ತುಟಿ ಒಡೆದಿತ್ತು. ಎಡಗೈ ಮಡಚಬಾರದ ಕಡೆಗೆ ಮಡಚಿಕೊಂಡಿತ್ತು. ಅವನ ಮಗಳನ್ನು ಯಾವಳೋ ಕಿತ್ತುಕೊಂಡು ಸೊಂಟಕ್ಕೇರಿಸಿಕೊಂಡಿದ್ದಳು. ಮಗು ಅಪ್ಪನ ಕಡೆಗೇ ಬಾಗಿ ಚೀರುತ್ತಿತ್ತು.

"ಎಂತ ಮಾಡ್ತಾ ಇದ್ದೀರಿ ನೀವು?" ಪ್ರೇಮಕುಮಾರಿ ಕೂಗಿದಳು.

"ಮಕ್ಕಳ ಕಳ್ಳ ಅಕ್ಕ ಇವ್ನು! ಗ್ರೂಪಲ್ಲಿ ಫೋಟೋ ಬಂದಿದೆ, ನೋಡಿ ಬೇಕಾದ್ರೆ," ಹಾರ್ಡ್‌ವೇರ್ ಅಂಗಡಿಯ ವೀರೇಂದ್ರ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಊರಿನ ವಾಟ್ಸಾಪ್ ಗ್ರೂಪು ನಡೆಸುವವನು ಅವನೇ. ಅವನಿಗೆ ಒಂದಿಷ್ಟು ಕಾಫಿ ತೋಟವೂ ಇತ್ತು.

ಫೋಟೋದಲ್ಲಿ ಬಿಪುಲ್ ಅಳುವ ಮಗುವಿನ ರಟ್ಟೆ ಹಿಡಿದು ನಿಂತಿದ್ದ. ಅವನ ಹಿಂದೆ ಬಿಸ್ಕತ್ತಿನ ಡಬ್ಬಗಳ ಸಾಲು. ಅವಳೇ ದಿನಾ ಬೆಳಿಗ್ಗೆ ಒರೆಸಿಡುವ ಡಬ್ಬಗಳು. ಅವಳದೇ ಅಂಗಡಿಯ ಕ್ಯಾಮೆರಾದ ಚಿತ್ರ.

ಅವಳಿಗೆ ನಿನ್ನೆಯದು ಕಣ್ಣಿಗೆ ಕಟ್ಟಿತು. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದ ಮಗಳನ್ನು ಕರೆತಂದಿದ್ದೇನೆ ಎಂದು ಬಿಪುಲ್ ಮುಖ ಅರಳಿಸಿಕೊಂಡು ಹೇಳಿದ್ದ. ಹೆಸರು ಮಾಮೊನಿ. ಅಪ್ಪನ ಮುಖ ಮರೆತಿದ್ದ ಮಗು ಕೈ ಕೊಸರಿಕೊಂಡು ಅತ್ತಿತ್ತು. ಅವಳೇ ಒಂದು ಬಲೂನು ಊದಿ ಕೊಟ್ಟು ಸಮಾಧಾನ ಮಾಡಿದ್ದಳು.

"ಅವನ ಮಗಳು ಕಣ್ರೋ ಅದು! ಹೆತ್ತ ಮಗಳು!" ಎನ್ನುತ್ತಾ ನುಗ್ಗಿ ಬಿಪುಲ್‌ಗೆ ಅಡ್ಡವಾಗಿ ನೆಲದ ಮೇಲೆ ಕುಳಿತುಬಿಟ್ಟಳು. "ಹೊಡೀರಿ ಈಗ. ಯಾರ ಕೈಯಲ್ಲಾಗ್ತದೆ, ಬನ್ನಿ."

ಯಾರೂ ಬರಲಿಲ್ಲ. ಯಾರೂ ತಪ್ಪಾಯಿತು ಎಂದೂ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡಿದ್ದವಳು ಅದನ್ನು ಕೆಳಗಿಳಿಸಿ ಸೀರೆ ಸರಿಮಾಡಿಕೊಂಡು ಬಸ್ಸು ಹತ್ತಿದಳು. ಪೊಲೀಸ್ ಜೀಪು ಬರುವಷ್ಟರಲ್ಲಿ ಅಲ್ಲಿ ಯಾರೂ ಹೊಡೆದೇ ಇಲ್ಲ ಅನ್ನುವಷ್ಟು ಖಾಲಿಯಾಗಿತ್ತು.

ಅಂಗಡಿಯಲ್ಲಿ ರುದ್ರೇಶ ಅವಳು ಬಿಟ್ಟುಹೋದ ಬೇಳೆಯನ್ನು ತೂಗುತ್ತಿದ್ದ.

"ನಾನೆಂತ ಮಾಡ್ದೆ? ಬೆಳಿಗ್ಗೆ ಕ್ಯಾಮೆರಾದಲ್ಲಿ ನಿನ್ನೆದು ನೋಡಿ, 'ಈ ಮಗು ಯಾರದ್ದು, ಯಾರಿಗಾದ್ರೂ ಗೊತ್ತಾ' ಅಂತ ಗ್ರೂಪಲ್ಲಿ ಕೇಳಿದ್ದಷ್ಟೆ. ಕಳ್ಳ ಅಂತ ನಾನು ಬರೀಲಿಲ್ಲ. ಕಾಲ ಸರಿ ಇಲ್ಲ ಮಾರಾಯ್ತಿ, ಹುಷಾರಾಗಿರ್ಬೇಕಲ್ಲ."

ಆ ಮಾತಿಗೆ ಅವಳ ಮೈ ಉರಿಯಿತು. ಈಚೆಗೆ ಎಲ್ಲರ ಬಾಯಲ್ಲೂ ಇದೇ. ಕೊಯ್ಲಿನ ಹೊತ್ತಿಗೆ ಮಳೆ ಹೊಯ್ದರೆ ಕಾಲ ಸರಿ ಇಲ್ಲ. ಆನೆ ರಸ್ತೆಗೆ ಬಂದರೆ ಕಾಲ ಸರಿ ಇಲ್ಲ. ಅದೆಲ್ಲ ಸರಿಯೇ ಇರಬಹುದು. ಆದರೆ ಮಳೆಗೆ, ಆನೆಗೆ ಹೆದರಿದವರು ಆ ಹೆದರಿಕೆಯನ್ನೆಲ್ಲ ತಂದು ಸುರಿಯುವುದು ತಿರುಗಿ ಹೊಡೆಯಲಾರದವನ ಮೇಲೆ.

"ಕಾಲಕ್ಕೆ ಕೈ ಇದ್ಯಾ? ಅವನ ಕೈ ಮುರಿದಿದ್ದು ಕಾಲವಾ?" ಎಂದಳು. "ಮಗು ಯಾರದ್ದು ಅಂತ ಊರಿಗೆಲ್ಲ ಕೇಳಿದ್ರಲ್ಲ, ನನ್ನನ್ನ ಕೇಳಕ್ಕೆ ಎಂತ ಆಗಿತ್ತು? ನೀವು ಫೋಟೋ ಹಾಕುವಾಗ ಹಿಂದೆ ಗೋಡೌನಲ್ಲೇ ಇದ್ದೆ. ನಾಲ್ಕು ಹೆಜ್ಜೆ ಇಡಕ್ಕಾಗ್ಲಿಲ್ವಾ? ಈಗ ಅದೇ ಗ್ರೂಪಲ್ಲಿ ಹೇಳಿ, ತಪ್ಪು ನನ್ನದು ಅಂತ."

ರುದ್ರೇಶ ಫೋಟೋ ಅಳಿಸಿದ. ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಬಿಪುಲ್‌ನನ್ನು ನೋಡಲು ಅವಳು ಲೈನ್ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲಿ ನಿಂತು, ತಂದ ಹಣ್ಣಿನ ಚೀಲ ನೋಡಿದಳು, ಇವಳ ಮುಖ ನೋಡಿದಳು, ಬಾಗಿಲು ಹಾಕಿಕೊಂಡಳು. ಪ್ರೇಮಕುಮಾರಿಗೆ ಮೊದಲು ಸಿಟ್ಟು ಬಂದದ್ದು ಅವಳ ಮೇಲೆಯೇ. ಅಡ್ಡ ಬಿದ್ದು ಉಳಿಸಿದವಳು ನಾನಲ್ಲವೇ! ಇಳಿಜಾರಿನಲ್ಲಿ ನಡೆಯುತ್ತಿದ್ದಂತೆ ಆ ಸಿಟ್ಟು ತನ್ನ ಮೇಲೆ ತಿರುಗಿತು. ಅವನ ಕೈ ಮುರಿಸಿದವರ ಮನೆಯವಳು ತಾನು. ಮತ್ತೇನು, ಆರತಿ ಎತ್ತಬೇಕಿತ್ತೇ?

ವಾರ ಕಳೆಯುವುದರೊಳಗೆ ಬಿಪುಲ್‌ನ ಕುಟುಂಬ ಹೊರಟುಹೋಯಿತು. ಅವರ ಹಿಂದೆಯೇ ಸುತ್ತಲಿನ ಎಸ್ಟೇಟುಗಳ ಅಸ್ಸಾಮಿನವರೆಲ್ಲ ಹೋದರು. ಗಿಡಗಳಲ್ಲಿ ಕಾಫಿ ಹಣ್ಣು ಹಾಗೇ ನಿಂತಿತ್ತು.

ಒಂದು ಬೆಳಿಗ್ಗೆ ಗಿರಾಕಿಗಳ ನಡುವೆ ನಿಂತು ವೀರೇಂದ್ರ ಗೋಳಾಡಿದ. "ಎಂತ ಜನ ರುದ್ರೇಶಣ್ಣ! ಅರ್ಧ ಕೊಯ್ಲಿಗೆ ಕೈ ಕೊಟ್ಟು ಹೋದ್ರು. ಹಣ್ಣೆಲ್ಲ ಉದುರ್ತಾ ಇದೆ. ನಿಯತ್ತೇ ಇಲ್ಲ ಈ ಜನಕ್ಕೆ."

ರುದ್ರೇಶ ಹೌದೆಂಬಂತೆ ತಲೆಯಾಡಿಸಿದ.

ಅವನು ತಲೆಯಾಡಿಸಿದ್ದನ್ನು ಪ್ರೇಮಕುಮಾರಿಗೆ ತಡೆಯಲಾಗಲಿಲ್ಲ. "ನಿಯತ್ತಾ?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. "ಆ ಫೋಟೋ ಹಾಕಿದ್ದು ನಮ್ಮ ಮನೆಯವ್ರು. ಅದ್ರ ಕೆಳಗೆ ಕಳ್ಳ ಅಂತ ಬರೆದಿದ್ದು ನೀವು. ಮೊದ್ಲ ಏಟು ಹಾಕಿದ್ದೂ ನೀವೇ ಅಂತೆ, ವೀರೇಂದ್ರ. ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಹೋಗಿ, ಆ ಕೈಯಲ್ಲೇ ಹಣ್ಣು ಕೊಯ್ಕೊಳ್ಳಿ."

ವೀರೇಂದ್ರ ಮುಖ ಕೆಂಪಗೆ ಮಾಡಿಕೊಂಡು ಇಳಿದು ಹೋದ. ಅವನ ಹಿಂದೆ ಇನ್ನಿಬ್ಬರು ಸಾಮಾನು ಬಿಟ್ಟು ನಡೆದರು.

"ಊರಲ್ಲಿ ಬಾಳ್ಬೇಕಲ್ಲ ನಾವು," ರುದ್ರೇಶ ಮೆಲ್ಲಗೆ ಹೇಳಿದ.

"ಬಿಪುಲ್‌ನವರೂ ಅಷ್ಟೇ ಕೇಳಿದ್ದು," ಎಂದಳು.

ಮಧ್ಯಾಹ್ನ ಅವನು ಊಟಕ್ಕೆ ಏಳದೆ ಫೋನು ಬಾಯಿಯ ಹತ್ತಿರ ಹಿಡಿದು, ಗ್ರೂಪಿಗೆ ಮಾತಾಡಿದ. ಫೋಟೋ ಹಾಕಿದ್ದು ತಾನು, ಮಗು ಬಿಪುಲ್‌ನದೇ, ತಪ್ಪಾಯಿತು. ಪ್ರೇಮಕುಮಾರಿ ಪಕ್ಕದಲ್ಲೇ ನಿಂತು ಕೇಳಿದಳು.

ಇಬ್ಬರೂ ಫೋನು ನೋಡುತ್ತಾ ಕಾದರು. ಒಬ್ಬೊಬ್ಬರೇ ಅದನ್ನು ಕೇಳಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಆಮೇಲೆ ಯಾರೋ ಆ ದಿನದ ಕಾಫಿ ರೇಟು ಹಾಕಿದರು. ಅದಕ್ಕೆ ತಕ್ಷಣವೇ ಹತ್ತಾರು ಜನ ಮಾತಾಡತೊಡಗಿದರು. ರುದ್ರೇಶನ ದನಿ ಮೇಲೆ ಮೇಲೆ ಸರಿದು ಪರದೆಯಿಂದ ಆಚೆ ಹೋಯಿತು.