ನಾಲ್ಕು ಚುಕ್ಕೆ ಅಂಟು

ಸ್ಕೂಟರ್ ಸೀಟು ಹೊಲಿಯುವವಳ ಹತ್ತಿರ ದೋಣಿಗೆ ಸೀಟು ಮಾಡಿಸಿಕೊಳ್ಳಲು ಬರುವ ಮಹಾನುಭಾವ ಪ್ರಪಂಚದಲ್ಲಿ ಒಬ್ಬನೇ ಇರಬೇಕು. ಅವನು ನನ್ನ ತಮ್ಮ. ಚಿಕ್ಕಂದಿನಿಂದ ನೀರು ಕಂಡರೆ ಸಾಕು, ಹಾರುತ್ತಿದ್ದ. ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಅವನು ಕಪ್ಪೆ. ಕಪ್ಪೆಯದು ಕಯಾಕ್. ಒಬ್ಬರೇ ಕಾಲು ಒಳಗೆ ಚಾಚಿ ಕೂರುವ ಕಿರಿದಾದ ದೋಣಿ ಅದು. ಮಗುಚಿದರೆ ಸೊಂಟದಲ್ಲೇ ಒಮ್ಮೆ ಝಾಡಿಸಿ ದೋಣಿಸಮೇತ ಮೇಲೇಳಬೇಕಂತೆ. ಸೀಟು ಸಡಿಲವಿದ್ದರೆ ಮನುಷ್ಯ ಹೊರಳುತ್ತಾನೆ, ದೋಣಿ ಹೊರಳುವುದಿಲ್ಲ.

ಫೋಮ್ ಕತ್ತರಿಸಿ, ಕೆತ್ತಿ, ಮರಳುಕಾಗದದಲ್ಲಿ ಉಜ್ಜಿ, ಅಂಗಡಿಯ ನೆಲದ ಮೇಲೆ ಇಟ್ಟ ದೋಣಿಯಲ್ಲಿ ಅವನನ್ನು ಕೂರಿಸಿ ಏಳಿಸಿ ನನಗೆ ಸಾಕುಸಾಕಾಯಿತು.

“ಇನ್ನೂ ಸ್ವಲ್ಪ ಬಿಗಿ ಬೇಕು ಅಕ್ಕ.”

“ಬಿಗಿ ಬಿಗಿ ಅಂತ ಜೀವ ತಿನ್ಬೇಡ. ಎರಡೂ ಪಕ್ಕಕ್ಕೆ ಇನ್ನೊಂದು ಪದರ ಹಾಕ್ತೀನಿ, ಅಷ್ಟೇ.”

ಕೂತ. ಮುಖ ಅರಳಿತು. “ಪೂರ್ತಿ ಅಂಟಿಸಿಬಿಡು!”

“ಹೊಸ ಸೀಟನ್ನ ಮೊದಲ ದಿನ ನಾನು ಯಾರಿಗೂ ಪೂರ್ತಿ ಅಂಟಿಸಲ್ಲ. ಮೂಲೆಗೊಂದು ಚುಕ್ಕೆ ಅಂಟು. ಕೂತು ನೋಡಿ ಸರಿ ಅಂದ್ಮೇಲೆ ಮಿಕ್ಕಿದ್ದು.”

ನಾಲ್ಕು ಚುಕ್ಕೆ ಹಾಕಿ ಕೊಟ್ಟೆ. ಗೊಣಗಿಕೊಂಡೇ ದೋಣಿ ಹೊತ್ತು ಕೆರೆಗೆ ಹೊರಟ. ಅಂಟಿನ ಡಬ್ಬವನ್ನೂ ಎತ್ತಿಕೊಂಡು ಹೋಗಿದ್ದಾನೆ ಅಂತ ಆಮೇಲೆ ಗೊತ್ತಾಯಿತು. ಬರಲಿ, ಮಾಡ್ತೀನಿ ಅಂತ ಹಲ್ಲು ಕಡಿಯುತ್ತ ಫೋಮಿನ ಪುಡಿ ಗುಡಿಸುತ್ತಿದ್ದೆ. ಆಗ ಗೋಡೆಯ ಮೊಳೆ ಕಣ್ಣಿಗೆ ಬಿತ್ತು.

ಮೊಳೆ ಖಾಲಿ ಇತ್ತು. ಅಲ್ಲಿ ನೇತುಹಾಕಿದ್ದು ಅವನ ರಬ್ಬರ್ ಸೂಟು. ತಣ್ಣೀರಿಗೆ ಇಳಿಯುವಾಗ ಮೈತುಂಬ ಹಾಕಿಕೊಳ್ಳುವ, ಚಪ್ಪಲಿ ಅಟ್ಟೆಯಷ್ಟು ದಪ್ಪದ ಸೂಟು. ಅದರ ಜಿಪ್ ರಿಪೇರಿ ಮಾಡಿದ್ದವಳು ನಾನೇ. ಸೀಟಿನ ಅಳತೆ ತೆಗೆದದ್ದು ಮಾತ್ರ ತೆಳ್ಳನೆ ಪೈಜಾಮದ ಮೇಲೆ.

ಆ ದಪ್ಪ ಸೂಟು ತೊಟ್ಟರೂ ಮೈಭಾರ ಬಿಟ್ಟು ಸೀಟಿನೊಳಗೆ ತೂರಬಹುದು. ತಲೆಕೆಳಗಾದಾಗ ಈಚೆ ಬರುವುದು ಹೇಗೆ? ಅದರ ಮೇಲೆ ಆ ಅಂಟಿನ ಡಬ್ಬ! ಅದು ಪೂರ್ತಿ ಬಳಿದು ಹಿಡಿದರೆ ದೇವರು ಬಂದರೂ ಬಿಡಿಸಲಾರ. ಫೋನ್ ಮಾಡಿದೆ, ಎತ್ತಲಿಲ್ಲ. ಬಾಗಿಲೂ ಎಳೆಯದೆ ಸ್ಕೂಟರ್ ಹತ್ತಿದೆ.

ಕೆರೆಯ ನಡುವೆ ಇದ್ದ. “ಬೇಡ ಕಣೋ, ದಡಕ್ಕೆ ಬಾ!” ಅಂತ ಕಿರುಚಿದೆ. ನೋಡಲು ಬಂದಿದ್ದೇನೆ ಅಂದುಕೊಂಡಿರಬೇಕು. ಹುಟ್ಟು ಎತ್ತಿ ಬೀಸಿ, ಜಂಬದಿಂದ ದೋಣಿ ಮಗುಚಿದ.

ದೋಣಿಯ ಕೆಂಪು ಹೊಟ್ಟೆ ಮಾತ್ರ ಕಾಣುತ್ತಿತ್ತು. ಅದು ಅರ್ಧ ಹೊರಳಿತು, ಮತ್ತೆ ಬಿತ್ತು. ಇನ್ನೊಮ್ಮೆ ಒದ್ದಾಡಿತು. ಆಮೇಲೆ ಸುಮ್ಮನಾಯಿತು. ಈಜು ಬಾರದ ನಾನು ಎದೆಮಟ್ಟದ ನೀರಿನಲ್ಲಿದ್ದೆ. ಯಾವಾಗ ಇಳಿದೆನೋ ಗೊತ್ತಿಲ್ಲ. ನನ್ನ ಕೈಯಾರೆ ತಮ್ಮನನ್ನು ಕೊಂದೆ ಅನ್ನುವುದೊಂದೇ ತಲೆಯಲ್ಲಿತ್ತು.

ದೋಣಿಯ ಪಕ್ಕದಲ್ಲಿ ಒಂದು ತಲೆ ಎದ್ದಿತು.

ಕೆಮ್ಮುತ್ತ, ದೋಣಿ ಹಿಡಿದುಕೊಂಡು ದಡಕ್ಕೆ ಬಂದ. ಸೀಟು ಅವನ ಸೊಂಟಕ್ಕೇ ಕಚ್ಚಿಕೊಂಡಿತ್ತು.

“ಸಿಕ್ಕಾಕೊಂಡ್ಬಿಟ್ಟೆ ಅಕ್ಕ. ಒದ್ದು ಒದ್ದು ಎಳೆದೆ, ನಾಲ್ಕೂ ಚುಕ್ಕೆ ಬಿಟ್ಟು ಸೀಟೇ ಕಿತ್ಕೊಂಡು ಬಂತು.”

“ಡಬ್ಬ ತಗೊಂಡು ಬಂದಿದ್ಯಲ್ಲೋ. ಅಂಟಿಸ್ಲಿಲ್ವಾ?”

“ಬ್ರಷ್ ಅದ್ದಿದ್ದೆ. ನೀನು ಬೈತೀಯ ಅಂತ ಭಯ ಆಯ್ತು, ಬಿಟ್ಟೆ.”

ಅವನ ಒದ್ದೆ ತೋಳು ಹಿಡಿದುಕೊಂಡು ನಿಂತೆ.

“ಬೈಯಿ ಅಕ್ಕ,” ಅಂದ, ಹಲ್ಲು ಕಟಕಟಿಸುತ್ತ. “ನೀನು ಹೀಗೆ ಸುಮ್ನಿದ್ರೆ ನಂಗೆ ಇನ್ನೂ ಭಯ ಆಗುತ್ತೆ.”