ಮಲ್ಕಪ್ಪನ ಮೀಸೆ

ಖಜೂರಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಮಲ್ಕಪ್ಪನ ಮಣ್ಣಿನ ಮೂರ್ತಿ ಒದ್ದೆ ಗೋಣಿಚೀಲ ಹೊದ್ದು ನಿಂತಿತ್ತು. ಮರುದಿನ ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯಬೇಕು. ಆಮೇಲೆ ಮುಖದಲ್ಲಿ ಏನನ್ನೂ ಬದಲಿಸಲಾಗದು. ಅದಕ್ಕೇ ಶಿಲ್ಪಿ ದಿಲೀಪ ಮೂವರನ್ನು ಕರೆಸಿದ್ದ: ನರೋಣಾದಿಂದ ಮಲ್ಕಪ್ಪನ ಹೆಂಡತಿ ಮಾಳಮ್ಮ ಮತ್ತು ಸ್ಮಾರಕ ಸಮಿತಿಯ ಅಧ್ಯಕ್ಷ ಗುರುಶಾಂತ, ಜೇವರ್ಗಿಯಿಂದ ಅಲ್ಲಿ ಮಾಸ್ತರಾಗಿರುವ ಮಗ ಧಮ್ಮಪಾಲ.

ಜಗಳ ಮೀಸೆಯದು. ಮಲ್ಕಪ್ಪ ಮೂವತ್ತು ವರ್ಷ ದೊಡ್ಡಾಟದಲ್ಲಿ ರಾಣಿಯಾಗಿ ಕುಣಿದವನು. ಗುರುಶಾಂತ ಆ ರಾಣಿಯ ರಾಜ. ಹೆಣ್ಣುಪಾತ್ರದವನು, ಆಟ ಇರಲಿ ಇಲ್ಲದಿರಲಿ, ಮೀಸೆ ಬಿಡಬಾರದೆಂಬುದು ಅವರ ಮೇಳದ ಕಟ್ಟಳೆ. ಬಸ್ ನಿಲ್ದಾಣದೆದುರು ನಿಲ್ಲುವ ಮೂರ್ತಿಗೂ ಅದೇ ಮುಖ ಬೇಕೆಂದು ಸಮಿತಿಯ ಅರ್ಧ ಜನ ಹಟ ಹಿಡಿದಿದ್ದರು. ಉಳಿದವರು ಮೀಸೆ ಬೇಕೆನ್ನುವ ಧಮ್ಮಪಾಲನ ಕಡೆ. ಎರಡು ಸಭೆಗಳು ಮುರಿದುಬಿದ್ದಿದ್ದವು.

ದಿಲೀಪ ಗೋಣಿ ಸರಿಸಿದ. ಧೋತರ, ರುಮಾಲು, ದಪ್ಪ ಹುರಿಮೀಸೆ.

"ಯಾರಿಂವ?" ಎಂದ ಗುರುಶಾಂತ. "ಪೊಲೀಸ್ ಪಾಟೀಲನ್ನ ನಿಲ್ಸೀಯಲ್ಲೋ ದಿಲೀಪ."

"ನಾನ ಹೇಳಿ ಮಾಡ್ಸೇನಿ, ಕಾಕಾ," ಎಂದ ಧಮ್ಮಪಾಲ.

"ಅಫಜಲಪುರ, ಗೊಬ್ಬೂರ, ಎಲ್ಲಿ ಹೋದ್ರೂ ಮಂದಿ ನೋಡಿದ್ದು ಬೋಳು ತುಟಿ. ಈ ಮೀಸಿ ಹಚ್ಚಿದ್ರ ಅಂವ ಮಲ್ಕಪ್ಪ ಹ್ಯಾಂಗ ಆಗ್ತಾನ?"

"ಅಪ್ಪ ಸಾಲಿಗೆ ಬಂದ್ರ ಹುಡುಗ್ರು 'ನಿಮ್ಮವ್ವ ಬಂದಾಳ ನೋಡಲೇ' ಅಂತಿದ್ರು. ನಮ್ಮ ಓಣ್ಯಾಗ ಯಾರರೆ ಮೀಸಿ ತಿರುವಿದ್ರ ನಿಮ್ಮ ಓಣ್ಯಾಗ ಉರೀತಿತ್ತು. ಆಟದ ಅಟ್ಟದ ಮ್ಯಾಲ ನಿಮ್ಮ ರಾಣಿ, ಕೆಳಗಿಳಿದ್ರ ಚಹಾಕ್ಕ ಬ್ಯಾರೆ ಕಪ್ಪು. ಈಗರೆ ಗಂಡಸಾಗಿ ನಿಲ್ಲಲಿ."

ಚಹಾದ ಕಪ್ಪಿನ ಮಾತು ಸುಳ್ಳಲ್ಲ.

"ಅದು ತಪ್ಪ," ಎಂದ ಗುರುಶಾಂತ ಮೆಲ್ಲಗೆ. "ಆದ್ರ ನನ್ನ ರಾಣಿ ಮುಖ ನನಗ ಬಾಯಿಪಾಠ ಐತಿ. ಅದನ್ನ ಕಸ್ಕೋಬ್ಯಾಡಪಾ."

ಮಾಳಮ್ಮ ಮೂರ್ತಿಯ ಹತ್ತಿರ ಹೋಗಿ ಮುಖವನ್ನೇ ನೋಡಿದಳು.

"ಮೀಸಿ ಇರ್ಲಿ," ಎಂದಳು. ಧಮ್ಮಪಾಲ ಗೆದ್ದವನಂತೆ ತಲೆಯಾಡಿಸಿದ. "ಆದ್ರ ಇದಲ್ಲ. ಆಟ ಬಿಟ್ಟ ಮ್ಯಾಲ ಅಂವ ತನ್ನದ ಒಂದು ಮೀಸಿ ಬಿಟ್ಟಿದ್ದ."

"ಅದು ಜಡ್ಡಾಗಿ ಬೋಳಸ್ಕೊಳ್ಳಾರದಕ್ಕ ಬೆಳೆದದ್ದಲ್ಲೇನವ್ವ?"

"ಎಲ್ಲೀ ಜಡ್ಡು? ಕೊಬ್ರಿಎಣ್ಣಿ ಹಚ್ಚಿ ಬಾಚ್ತಿದ್ದ. ಬಿಳೇದು, ಎಡಕ ದಟ್ಟ, ಬಲಕ ತೆಳ್ಳಗ. ಕನ್ನಡಿ ಬಿಟ್ಟು ಏಳ್ತಿದ್ದಿಲ್ಲ. ರಾಣಿ ಆದಾಗೂ ಅಷ್ಟೊತ್ತು ಕುಂತಂವಲ್ಲ."

ಗುರುಶಾಂತ ಅವಳತ್ತ ತಿರುಗಿದ. "ನಾ ಮಾತಾಡ್ಸಾಕ ಬರ್ತಿದ್ದೆನಲ್ಲ ಮಾಳಮ್ಮ. ಬಾಯಿಗೆ ಟಾವೆಲ್ ಹಿಡ್ಕೊಂಡ ಇರ್ತಿದ್ದ. ಕೆಮ್ಮು ಬಂದಾವ ಅನ್ಕೊಂಡಿದ್ದೆ."

"ಕೆಮ್ಮಲ್ರಿ ಸಾವ್ಕಾರ್ರ, ನಾಚ್ಕಿ. 'ರಾಜ ಬಂದ, ಟಾವೆಲ್ ಕೊಡಬೇ' ಅಂತಿದ್ದ. ಮೀಸಿ ಇರೋ ಹೇಣ್ತಿನ್ನ ನೋಡಿದ್ರ ಎದಿ ಒಡಕೋತಾನ ಅಂತ. ನೀವು ಹೋದ ಮ್ಯಾಲ ನಕ್ಕಿದ್ದ ನಕ್ಕಿದ್ದು."

ಗುರುಶಾಂತ ಬಾಗಿಲ ಕಡೆ ಮುಖ ಮಾಡಿ ನಿಂತ. ಹೊರಗೆ ಮಹಾರಾಷ್ಟ್ರದ ಟ್ರಕ್ಕೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಕೇಳಿದ:

"ಚಂದ ಕಾಣ್ತಿದ್ದನೇನು?"

"ಚಂದೇನಿಲ್ಲ. ಖುಷಿಲೆ ಇದ್ದ."

ದಿಲೀಪ ಹುರಿಮೀಸೆಯನ್ನು ಕೆರೆದು ತೆಗೆದು, ಹೊಸದಾಗಿ ಮಣ್ಣು ಹಚ್ಚತೊಡಗಿದ. ಮಾಳಮ್ಮ ತನ್ನದೇ ತುಟಿಯ ಮೇಲೆ ಬೆರಳೆಳೆದು ಅಳತೆ ತೋರಿಸಿದಳು.

"ತುದಿ ತಿರುವ್ತಿದ್ದನೇನವ್ವ?" ಧಮ್ಮಪಾಲನ ದನಿ ಈಗ ಇಳಿದಿತ್ತು.

"ತಿರುವೋವಷ್ಟು ಎಲ್ಲಿತ್ತೋ ತಮ್ಮಾ."

ಮೂವರೂ ನಕ್ಕರು. ಗುರುಶಾಂತ ಮೂರ್ತಿಯ ಎದುರಿಗೆ ಬಂದು, ತಾನೆಂದೂ ಕಾಣದ ಆ ಮುಖವನ್ನು ಬಹಳ ಹೊತ್ತು ನೋಡಿದ.

"ಬಲಕ ಇನ್ನೊಂದೀಟು ತೆಗೀಲೇ ದಿಲೀಪ," ಎಂದ. "ಮಾಳಮ್ಮ ತೆಳ್ಳಗ ಅಂದ್ರಲ್ಲ."